ಎಂಜಿನ್ ರೇಸ್ ಮಾಡಿದಷ್ಟೂ ಸ್ಪೀಕರ್‌ನಲ್ಲಿ 'ಕುಂಯ್' ಸದ್ದು

ಸಿಂಧನೂರು ಭತ್ತ

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೆಯ ಡೀಸೆಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್. ಈಚೆಗೆ ಬಳ್ಳಾರಿಯ ಒಂದು ಅಂಗಡಿಯಲ್ಲಿ ಹೊಸ ಸ್ಟೀರಿಯೊ, ನಾಲ್ಕು ಚಾನೆಲ್ ಆಂಪ್ಲಿಫೈಯರ್, ಡಿಕ್ಕಿಯಲ್ಲಿ ಒಂದು ಸಬ್‌ವೂಫರ್ ಹಾಕಿಸಿದೆ. ಹಾಡು ಜೋರಾಗಿ ಇಟ್ಟರೆ ಏನೂ ಗೊತ್ತಾಗಲ್ಲ. ಸೌಂಡ್ ಕಮ್ಮಿ ಮಾಡಿದ ತಕ್ಷಣ ಬಾಗಿಲ ಸ್ಪೀಕರ್‌ಗಳಲ್ಲಿ 'ಕುಂಯ್' ಅಂತ ಸದ್ದು ಶುರು. ಆಕ್ಸಿಲರೇಟರ್ ಒತ್ತಿದರೆ ಸದ್ದೂ ಮೇಲಕ್ಕೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಸಿಂಧನೂರಿಂದ ಹೊರಟು ಸಿರುಗುಪ್ಪ ದಾಟಿ ಬಳ್ಳಾರಿ ಮುಟ್ಟುವಷ್ಟರಲ್ಲಿ ತಲೆ ಚಿಟ್ಟು ಹಿಡಿಯುತ್ತದೆ. ಅಪ್ಪ ಹಿಂದಿನ ಸೀಟಲ್ಲಿ ಕೂತು ವಚನ ಕೇಳುತ್ತಾರೆ. ಅವರಿಗೆ ಮೆಲ್ಲಗೆ ಇಡಬೇಕು. ಆಗ ವಚನಕ್ಕಿಂತ ಈ ಸದ್ದೇ ಜಾಸ್ತಿ.

ಅಂಗಡಿಯವರಿಗೆ ತೋರಿಸಿದೆ. ಒಮ್ಮೆ 'ಫಿಲ್ಟರ್ ಹಾಕೋಣ' ಅಂದರು, ಆಮೇಲೆ 'ನಿಮ್ಮ ಆಲ್ಟರ್ನೇಟರೇ ಹೋಗಿದೆ, ಬದಲಿಸಿ' ಅಂದರು. ಅದು ಎಂಜಿನ್ ಜೊತೆ ತಿರುಗಿ ಗಾಡಿಗೆ ಕರೆಂಟ್ ಹುಟ್ಟಿಸುವ ಭಾಗ, ಬದಲಿಸಲು ಸಾವಿರಗಟ್ಟಲೆ ದುಡ್ಡು ಬೇಕು. ಅಷ್ಟು ಹಾಕುವ ಮುಂಚೆ ಮನೆಯಲ್ಲೇ ಏನಾದರೂ ಪರೀಕ್ಷೆ ಮಾಡಬಹುದಾ? ಪಂಪ್‌ಸೆಟ್ ಸ್ಟಾರ್ಟರ್ ನೋಡಲು ಇಟ್ಟುಕೊಂಡ ಮಲ್ಟಿಮೀಟರ್ ಇದೆ.

ಗಂಗಾವತಿ ಟ್ಯಾಕ್ಸಿ

ಅಣ್ಣ, ಫೋನ್ ಚಾರ್ಜರ್ ಕಿತ್ತು ನೋಡಿದ್ರಾ? ನನ್ನ ಗಾಡಿಯಲ್ಲಿ ಇದೇ ಸದ್ದು ಇತ್ತು. ಆಕ್ಸ್ ವೈರಿನಲ್ಲಿ ಹಾಡು, ಅದೇ ಫೋನಿಗೆ ಸಿಗರೇಟ್ ಸಾಕೆಟ್ಟಿನಿಂದ ಚಾರ್ಜು. ಎರಡೂ ಒಟ್ಟಿಗೆ ಸಿಕ್ಕಿಸಿದರೆ ಮಾತ್ರ ಸದ್ದು. ಯಾವುದೇ ಒಂದನ್ನು ತೆಗೆದರೂ ಪೂರ್ತಿ ಸುಮ್ಮನಾಗುತ್ತಿತ್ತು. ಈಗ ಹಾಡು ಬ್ಲೂಟೂತ್‌ನಲ್ಲಿ, ಚಾರ್ಜರ್ ಅದರ ಪಾಡಿಗೆ ಅದು. ಒಂದು ರೂಪಾಯಿ ಖರ್ಚಿಲ್ಲ.

ಸಿಂಧನೂರು ಭತ್ತ

ನೋಡಿದೆ ಅಣ್ಣ. ನಾನು ಬ್ಲೂಟೂತ್‌ನಲ್ಲೇ ಕೇಳೋದು. ಚಾರ್ಜರ್ ತೆಗೆದಿಟ್ಟರೂ ಸದ್ದು ಹಾಗೇ ಇದೆ.

ಬಳ್ಳಾರಿ ಆಟೋ ಎಲೆಕ್ಟ್ರಿಕ್

ತಮ್ಮ, ಸದ್ಯಕ್ಕೆ ಏನೂ ಕೊಳ್ಳಬೇಡ. ಫಿಲ್ಟರೂ ಬೇಡ, ಆಲ್ಟರ್ನೇಟರೂ ಬೇಡ. ಸದ್ದು ಯಾವ ಜಾಗದಲ್ಲಿ ಒಳಗೆ ಸೇರುತ್ತಿದೆ ಅಂತ ಮೊದಲು ಹಿಡಿಯಬೇಕು. ಅದು ಗೊತ್ತಾಗದೆ ಹಾಕಿದ ಸಾಮಾನೆಲ್ಲ ದಂಡ. ನಾನು ಕೇಳುವ ಪ್ರಶ್ನೆಗಳಿಗೆ ಗಾಡಿಯಲ್ಲಿ ಕೂತು ಉತ್ತರ ಬರೆ.

ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ಸ್ಟೀರಿಯೊ ಹಚ್ಚು. ಆಗ ಸದ್ದು ಇದೆಯಾ? ಎಂಜಿನ್ ಸ್ಟಾರ್ಟ್ ಆದ ಮೇಲೆ ಸೌಂಡ್ ಪೂರ್ತಿ ಸೊನ್ನೆಗೆ ಇಳಿಸು. ಆಗಲೂ ಸದ್ದು ಉಳಿಯುತ್ತದಾ? ಸೌಂಡ್ ಏರಿಸಿದರೆ ಅದೂ ಏರುತ್ತದಾ, ಅಥವಾ ಇದ್ದಷ್ಟೇ ಇರುತ್ತದಾ? ಏಸಿ ಬ್ಲೋವರ್ ಒಂದರಿಂದ ನಾಲ್ಕಕ್ಕೆ ತಿರುಗಿಸಿದರೆ ಸದ್ದಿನ ಧಾಟಿ ಬದಲಾಗುತ್ತದಾ? ಹೆಡ್‌ಲೈಟ್ ಹಚ್ಚಿದರೆ ಜಾಸ್ತಿ ಆಗುತ್ತದಾ?

ಯಾಕೆ ಕೇಳುತ್ತೇನೆ ಅಂದರೆ, ಸೌಂಡ್ ಜೊತೆ ಏರಿಳಿದರೆ ತೊಂದರೆ ಸ್ಟೀರಿಯೊ ಒಳಗೆ ಅಥವಾ ಅದಕ್ಕಿಂತ ಮುಂಚೆ ಇದೆ ಅಂತ. ಸೊನ್ನೆಗೆ ಇಳಿಸಿದರೂ ಉಳಿದರೆ ಸೌಂಡ್ ಕಂಟ್ರೋಲ್ ದಾಟಿದ ಮೇಲೆ, ಅಂದರೆ ಸ್ಟೀರಿಯೊದಿಂದ ಡಿಕ್ಕಿಯ ಆಂಪ್ಲಿಫೈಯರ್‌ವರೆಗಿನ ದಾರಿಯಲ್ಲಿ ಸೇರುತ್ತಿದೆ ಅಂತ. ಈ ಒಂದು ಪ್ರಶ್ನೆಗೇ ಅರ್ಧ ಕೆಲಸ ಮುಗಿಯುತ್ತದೆ. ಬಹಳ ಅಂಗಡಿಗಳಲ್ಲಿ ಇದನ್ನೂ ಕೇಳುವುದಿಲ್ಲ ಅನ್ನೋದೇ ನನಗೆ ಬೇಜಾರು.

ಕಂಪ್ಲಿ ಬೇಸ್

ಇಷ್ಟೆಲ್ಲ ಯಾಕೆ ಸರ್? ಗ್ರೌಂಡ್ ಲೂಪ್ ಐಸೋಲೇಟರ್ ಅಂತ ಸಣ್ಣ ಡಬ್ಬಿ ಸಿಗುತ್ತದೆ. ಸ್ಟೀರಿಯೊದಿಂದ ಆಂಪ್ಲಿಫೈಯರ್‌ಗೆ ಹಾಡು ಒಯ್ಯುವ ಆರ್‌ಸಿಎ ವೈರಿನ ಮಧ್ಯೆ ಸಿಕ್ಕಿಸಿದರೆ ಮುಗೀತು. ನನ್ನ ಗಾಡಿಯಲ್ಲಿ ಅದನ್ನೇ ಹಾಕಿದ್ದೇನೆ, ಸದ್ದು ಇಲ್ಲ.

ಬಳ್ಳಾರಿ ಆಟೋ ಎಲೆಕ್ಟ್ರಿಕ್

ಸದ್ದು ಹೋಗುತ್ತದೆ, ಒಪ್ಪುತ್ತೇನೆ. ಆದರೆ ಬೇಸ್ ಎಷ್ಟು ಹೋಗಿದೆ ನೋಡಿದ್ದೀರಾ? ಐಸೋಲೇಟರ್ ಕಿತ್ತು ಅದೇ ಹಾಡನ್ನು ಮತ್ತೊಮ್ಮೆ ಕೇಳಿ. ಒಳಗೆ ಇರೋದು ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಅಗ್ಗದ್ದಾದರೆ ಅದರ ಕೋರ್ ಚಿಕ್ಕದು, ತಗ್ಗಿನ ಸ್ವರಗಳನ್ನು ಸರಿಯಾಗಿ ದಾಟಿಸಲ್ಲ. ಸಬ್‌ವೂಫರ್‌ಗೆ ದುಡ್ಡು ಸುರಿದು ಅದರ ದಾರಿಯಲ್ಲಿ ಇದನ್ನು ಕೂಡಿಸಬಾರದು. ಇನ್ನೊಂದು ಮಾತು. ಗ್ರೌಂಡ್ ಬೋಲ್ಟ್, ಅಂದರೆ ಮೈನಸ್ ವೈರನ್ನು ಗಾಡಿಯ ಬಾಡಿಗೆ ಕಟ್ಟುವ ಬೋಲ್ಟ್, ಸಡಿಲ ಇದ್ದು ಸದ್ದು ಬರುತ್ತಿದ್ದರೆ, ಐಸೋಲೇಟರ್ ಹಾಕಿದ ಮೇಲೂ ಬೋಲ್ಟ್ ಸಡಿಲವೇ ಇರುತ್ತದೆ. ಅಲ್ಲಿ ಬಿಸಿ ಆಗುತ್ತದೆ. ನಾಳೆ ಅದು ಬೇರೆ ರೀತಿ ಕಾಡುತ್ತದೆ.

ಸಿಂಧನೂರು ಭತ್ತ

ಎಲ್ಲ ನೋಡಿದೆ ಸರ್. ಎಂಜಿನ್ ಆಫ್ ಇದ್ದಾಗ ಪೂರ್ತಿ ನಿಶ್ಶಬ್ದ. ಸ್ಟಾರ್ಟ್ ಮಾಡಿದ ಕೂಡಲೇ ಶುರು. ಸೌಂಡ್ ಸೊನ್ನೆಗೆ ಇಳಿಸಿದರೂ ಅಷ್ಟೇ, ಏರಿಸಿದರೂ ಅಷ್ಟೇ. ಬ್ಲೋವರ್‌ಗೂ ಅದಕ್ಕೂ ಸಂಬಂಧ ಇಲ್ಲ. ಹೆಡ್‌ಲೈಟ್ ಹಚ್ಚಿದರೆ ಮಾತ್ರ ಇನ್ನೂ ಸ್ವಲ್ಪ ಜೋರಾಗುತ್ತದೆ.

ಕೊಪ್ಪಳದ ಮೇಷ್ಟ್ರು

ಈ ಸದ್ದು ಎಂಜಿನ್ ಜೊತೆ ಯಾಕೆ ಏರುತ್ತದೆ ಅಂತ ಸ್ವಲ್ಪ ಬರೆಯುತ್ತೇನೆ. ಗೊತ್ತಿದ್ದರೆ ಹುಡುಕುವ ಕೆಲಸ ಹಗುರ ಆಗುತ್ತದೆ.

ಆಲ್ಟರ್ನೇಟರ್ ಒಳಗೆ ಹುಟ್ಟುವುದು ಮೂರು ಫೇಸಿನ ಎಸಿ ಕರೆಂಟ್, ನಮ್ಮ ಪಂಪ್‌ಸೆಟ್ಟಿಗೆ ಬರುವ ತರಹದ್ದೇ. ಅದನ್ನು ಒಳಗಿನ ಆರು ಡಯೋಡ್‌ಗಳು ಡಿಸಿ ಮಾಡುತ್ತವೆ. ಆದರೆ ಆ ಡಿಸಿ ಪೂರ್ತಿ ನುಣುಪಾಗಿ ಇರಲ್ಲ, ಮೇಲೆ ಸಣ್ಣ ಅಲೆ ಉಳಿಯುತ್ತದೆ. ಸಾಮಾನ್ಯ ಕಾರ್ ಆಲ್ಟರ್ನೇಟರ್‌ನಲ್ಲಿ 12 ಪೋಲ್ ಇರುತ್ತವೆ ಅಂತ ಇಟ್ಟುಕೊಳ್ಳಿ. ಒಂದು ಸುತ್ತಿಗೆ 6 ಆವರ್ತ. ಎಂಜಿನ್ 800 ಆರ್‌ಪಿಎಂನಲ್ಲಿ ಐಡಲ್ ಇದ್ದು, ಪುಲ್ಲಿಯಿಂದ ಆಲ್ಟರ್ನೇಟರ್ ಅದರ ಎರಡೂವರೆ ಪಟ್ಟು ತಿರುಗಿದರೆ 2,000 ಆರ್‌ಪಿಎಂ ಆಯಿತು. ಆಗ ಎಸಿ 200 ಹರ್ಟ್ಸ್. ಡಯೋಡ್ ದಾಟಿದ ಮೇಲೆ ಒಂದು ಆವರ್ತಕ್ಕೆ ಆರು ಅಲೆ, ಅಂದರೆ 1,200 ಹರ್ಟ್ಸ್. ಎಂಜಿನ್ 3,000ಕ್ಕೆ ಏರಿದರೆ ಅದೇ ಲೆಕ್ಕದಲ್ಲಿ 4,500 ಹರ್ಟ್ಸ್. ಮನುಷ್ಯನ ಕಿವಿ ಬಹಳ ಚುರುಕಾಗಿ ಕೇಳುವುದು ಸುಮಾರು 2,000ದಿಂದ 5,000 ಹರ್ಟ್ಸ್ ನಡುವೆ. ಹೈವೇಯಲ್ಲಿ ಹೋಗುವಾಗ ಸದ್ದು ಸರಿಯಾಗಿ ಅಲ್ಲೇ ಕೂತಿರುತ್ತದೆ. ಅದಕ್ಕೇ ಇಷ್ಟು ಸಣ್ಣ ಸದ್ದು ಇಷ್ಟೊಂದು ಕಾಡೋದು. ಹೆಡ್‌ಲೈಟ್ ಹಚ್ಚಿದಾಗ ಆಲ್ಟರ್ನೇಟರ್ ಹೆಚ್ಚು ಕರೆಂಟ್ ಕೊಡಬೇಕು, ಅಲೆಯೂ ದೊಡ್ಡದಾಗುತ್ತದೆ.

ಈ ಅಲೆ ಎಲ್ಲ ಗಾಡಿಯಲ್ಲೂ ಇದೆ. ಸದ್ದು ಬರದ ಗಾಡಿಯಲ್ಲೂ ಇದೆ. ಹಾಗಾಗಿ 'ಆಲ್ಟರ್ನೇಟರ್ ಸದ್ದು' ಅಂದ ಮಾತ್ರಕ್ಕೆ ಆಲ್ಟರ್ನೇಟರ್ ಕೆಟ್ಟಿದೆ ಅಂತ ಅಲ್ಲ. ಆ ಅಲೆ ಹಾಡಿನ ದಾರಿಗೆ ಹೇಗೆ ನುಗ್ಗಿತು ಅನ್ನೋದೇ ಪ್ರಶ್ನೆ.

ಬಹಳ ಸಲ ಅದು ನುಗ್ಗುವುದು ಗ್ರೌಂಡ್ ದಾರಿಯಿಂದ. ಸ್ಟೀರಿಯೊಗೆ ಡ್ಯಾಶ್‌ಬೋರ್ಡ್ ಹತ್ತಿರ ಒಂದು ಗ್ರೌಂಡ್. ಆಂಪ್ಲಿಫೈಯರ್‌ಗೆ ಡಿಕ್ಕಿಯಲ್ಲಿ ಇನ್ನೊಂದು. ಎರಡರ ಮಟ್ಟ ಒಂದೇ ಇದ್ದರೆ ತೊಂದರೆ ಇಲ್ಲ. ಎಡದಂಡೆ ಕಾಲುವೆಯಲ್ಲಿ ಎರಡು ತೂಬಿನ ನಡುವೆ ಮಟ್ಟದ ವ್ಯತ್ಯಾಸ ಇದ್ದರೆ ನಡುವೆ ತೋಡಿದ ಸಣ್ಣ ಕಾಲುವೆಯಲ್ಲೂ ನೀರು ಹರಿಯುತ್ತದೆ ಅಲ್ವಾ, ಇಲ್ಲೂ ಹಾಗೇ. ಎರಡು ಗ್ರೌಂಡಿನ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದರೆ ಕರೆಂಟ್ ಆರ್‌ಸಿಎ ವೈರಿನ ಹೊರಗಿನ ಜಾಲರಿಯಲ್ಲಿ ಹರಿಯುತ್ತದೆ. ಇದಕ್ಕೇ ಗ್ರೌಂಡ್ ಲೂಪ್ ಅನ್ನೋದು. ಆಂಪ್ಲಿಫೈಯರ್ ಅದನ್ನೂ ಹಾಡು ಅಂತಲೇ ತಿಳಿದು ದೊಡ್ಡದು ಮಾಡುತ್ತದೆ.

ಒಂದು ಪರೀಕ್ಷೆ ಮಾಡಿ. ಎಲ್ಲ ಆಫ್ ಮಾಡಿ, ಆಂಪ್ಲಿಫೈಯರ್ ಹತ್ತಿರ ಆರ್‌ಸಿಎ ಪಿನ್ನುಗಳನ್ನು ಕೀಳಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಕೇಳಿ.

ಬಳ್ಳಾರಿ ಆಟೋ ಎಲೆಕ್ಟ್ರಿಕ್

ಮೇಷ್ಟ್ರು ಹೇಳಿದ 'ಎಲ್ಲ ಆಫ್ ಮಾಡಿ' ಅನ್ನೋದನ್ನು ದಯವಿಟ್ಟು ಗಮನಿಸಿ. ಆಂಪ್ಲಿಫೈಯರ್ ಓಡುತ್ತಿರುವಾಗ ಆರ್‌ಸಿಎ ಕೀಳುವುದು, ಸಿಕ್ಕಿಸುವುದು ಮಾಡಲೇಬಾರದು. ಸ್ಪೀಕರ್ ಹೋಗಬಹುದು, ಸ್ಟೀರಿಯೊ ಒಳಗಿನ ಸಣ್ಣ ಗ್ರೌಂಡ್ ದಾರಿ ಸುಟ್ಟುಹೋಗಬಹುದು. ಅದರ ಬಗ್ಗೆ ಆಮೇಲೆ ಬೇಕಾದರೆ ಬರೆಯುತ್ತೇನೆ.

ಸಿಂಧನೂರು ಭತ್ತ

ಆರ್‌ಸಿಎ ಕಿತ್ತರೆ ಸದ್ದು ಪೂರ್ತಿ ಮಾಯ. ಎಂಜಿನ್ ಎಷ್ಟು ರೇಸ್ ಮಾಡಿದರೂ ಇಲ್ಲ. ಇನ್ನೊಂದು ಮಾಡಿದೆ. ಆಕ್ಸ್‌ನಿಂದ ಆರ್‌ಸಿಎಗೆ ಹೋಗುವ ವೈರು ಮನೆಯಲ್ಲಿತ್ತು. ಫೋನನ್ನು ನೇರವಾಗಿ ಆಂಪ್ಲಿಫೈಯರ್‌ಗೆ ಕೊಟ್ಟೆ, ಸ್ಟೀರಿಯೊ ಮಧ್ಯೆ ಇಲ್ಲ. ಹಾಡು ಸ್ವಚ್ಛ, ಸದ್ದು ಇಲ್ಲ. ಅಂದರೆ ಆಂಪ್ಲಿಫೈಯರ್ ಮತ್ತು ಅದರ ಗ್ರೌಂಡ್ ಸರಿ ಇದೆ, ತಪ್ಪು ಸ್ಟೀರಿಯೊದ್ದು ಅಂತ ತಿಳಿಯಬಹುದಾ?

ಕೊಪ್ಪಳದ ಮೇಷ್ಟ್ರು

ಪರೀಕ್ಷೆ ಚೆನ್ನಾಗಿ ಮಾಡಿದ್ದೀರಿ. ಆದರೆ ಆ ತೀರ್ಮಾನಕ್ಕೆ ಈಗಲೇ ಬರಬೇಡಿ. ಫೋನ್ ತನ್ನ ಬ್ಯಾಟರಿಯಲ್ಲಿ ಓಡುತ್ತಿದೆ, ಗಾಡಿಯ ಬಾಡಿಗೆ ಅದು ಎಲ್ಲೂ ತಾಕಿಲ್ಲ. ಎರಡನೇ ಗ್ರೌಂಡೇ ಇಲ್ಲದ ಮೇಲೆ ಲೂಪ್ ಎಲ್ಲಿಂದ ಬರಬೇಕು? ಡಿಕ್ಕಿಯ ಗ್ರೌಂಡ್ ಎಷ್ಟು ಕೆಟ್ಟಿದ್ದರೂ ಈ ಪರೀಕ್ಷೆಯಲ್ಲಿ ಅದು ಸುಮ್ಮನೇ ಇರುತ್ತದೆ. ಆಂಪ್ಲಿಫೈಯರ್ ಒಳಗಿನ ಸರ್ಕ್ಯೂಟ್ ಸರಿ ಇದೆ ಅಂತ ಮಾತ್ರ ಹೇಳಬಹುದು. ಗ್ರೌಂಡನ್ನು ಬೇರೆಯಾಗಿ ಅಳೆಯಬೇಕು.

ಸಿಂಧನೂರು ಭತ್ತ

ಅಂಗಡಿಯವರು ಮೀಟರ್‌ನಲ್ಲಿ ಬೀಪ್ ಮಾಡಿ ತೋರಿಸಿದ್ದರು, 'ನೋಡಿ ಗ್ರೌಂಡ್ ಸರಿ ಇದೆ' ಅಂತ.

ತೋರಣಗಲ್ಲು ಶಿಫ್ಟ್

ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನನ್ನ ಕೆಲಸ. ಈ ಬೀಪ್ ವಿಷಯದಲ್ಲಿ ಸುಮ್ನೆ ಇರೋಕೆ ಆಗಲ್ಲ. ಬೀಪ್ ಬಂದರೆ ವೈರು ಮುರಿದಿಲ್ಲ ಅಂತ ಅಷ್ಟೇ. ಹತ್ತಾರು ಓಮ್ ಇದ್ದರೂ ಬಹಳ ಮೀಟರ್‌ಗಳು ಬೀಪ್ ಮಾಡುತ್ತವೆ. ಆಂಪ್ಲಿಫೈಯರ್ 30 ಆಂಪಿಯರ್ ಎಳೆಯುವಾಗ ಗ್ರೌಂಡ್ ದಾರಿಯಲ್ಲಿ 20 ಮಿಲಿಓಮ್ ಇದ್ದರೂ 0.6 ವೋಲ್ಟ್ ಬೀಳುತ್ತದೆ. 20 ಮಿಲಿಓಮ್ ಅಂದರೆ ಒಂದು ಓಮ್‌ನ ಐವತ್ತನೇ ಒಂದು ಪಾಲು. ಓಮ್ ರೇಂಜಿನಲ್ಲಿ ಅದು ಕಾಣುವುದೇ ಇಲ್ಲ, ಮೀಟರ್‌ನ ಸ್ವಂತ ವೈರುಗಳೇ ಅದಕ್ಕಿಂತ ಜಾಸ್ತಿ ಇರುತ್ತವೆ.

ಆದ್ದರಿಂದ ಓಮ್ ಬಿಡಿ, ವೋಲ್ಟ್ ಅಳೆಯಿರಿ, ಅದೂ ಲೋಡ್ ಇರುವಾಗ. ಮೀಟರನ್ನು ಡಿಸಿ ವೋಲ್ಟ್ ರೇಂಜಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಟರ್ಮಿನಲ್‌ಗೆ. ಅಷ್ಟು ಉದ್ದ ವೈರು ಸಾಲಲ್ಲ, ಮನೆ ವೈರಿಂಗಿನ ಯಾವುದಾದರೂ ತುಂಡನ್ನು ಸೇರಿಸಿಕೊಳ್ಳಿ, ದಪ್ಪ ಬೇಕಿಲ್ಲ. ಕೆಂಪು ಕಡ್ಡಿ ಆಂಪ್ಲಿಫೈಯರ್‌ನ ಗ್ರೌಂಡ್ ಸ್ಕ್ರೂ ಮೇಲೆ. ಎಂಜಿನ್ ಓಡಲಿ, ಹೆಡ್‌ಲೈಟ್ ಹಚ್ಚಿರಲಿ, ಬೇಸ್ ಇರುವ ಹಾಡು ಜೋರಾಗಿ ಇಡಿ. 0.1 ವೋಲ್ಟ್ ಒಳಗೆ ಇದ್ದರೆ ಚೆನ್ನಾಗಿದೆ. 0.2 ದಾಟಿದರೆ ಗ್ರೌಂಡ್ ಬಿಚ್ಚಿ ನೋಡಲೇಬೇಕು.

ಹಾಗೇ ಆಲ್ಟರ್ನೇಟರ್ ಅನುಮಾನವನ್ನೂ ಮುಗಿಸಿಬಿಡಿ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಸುತ್ತ ಬರಬೇಕು. ಆಮೇಲೆ ಅದೇ ಟರ್ಮಿನಲ್‌ಗಳ ಮೇಲೆ ಎಸಿ ವೋಲ್ಟ್ ನೋಡಿ. ಒಳ್ಳೆಯ ಡಯೋಡ್‌ಗಳಿದ್ದರೆ 0.1 ವೋಲ್ಟ್ ಆಸುಪಾಸು ಇರುತ್ತದೆ. ಅರ್ಧ ವೋಲ್ಟ್ ದಾಟಿದರೆ ಡಯೋಡ್ ಹೋಗಿದೆ ಅಂತ ಅನುಮಾನ ಪಡಬಹುದು. ಆಗ ಜೊತೆಗೆ ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಬ್ಯಾಟರಿ ಇಳಿದು ನಿಲ್ಲುವುದೂ ಉಂಟು.

ಒಂದು ಎಚ್ಚರಿಕೆ. ಹಳದಿ ಬಣ್ಣದ ಅಗ್ಗದ ಮೀಟರ್‌ಗಳಲ್ಲಿ ಎಸಿಯ ಕನಿಷ್ಠ ರೇಂಜೇ 200 ವೋಲ್ಟ್ ಇರುತ್ತದೆ. ಅವುಗಳ ಎಸಿ ರೇಂಜ್ ಡಿಸಿಯನ್ನೂ ಎಸಿ ಅಂತ ತೋರಿಸುತ್ತದೆ. ಬ್ಯಾಟರಿಯ ಮೇಲೆ ಇಟ್ಟರೆ ಒಂದು ಕಡೆಗೆ ಸುಮಾರು 28, ಕಡ್ಡಿ ಅದಲು ಬದಲು ಮಾಡಿದರೆ ಸೊನ್ನೆ. ಅದನ್ನು ನೋಡಿ ಗಾಬರಿ ಆಗಬೇಡಿ. ಆ ಮೀಟರ್ ಈ ಒಂದು ಪರೀಕ್ಷೆಗೆ ಬರಲ್ಲ ಅಷ್ಟೇ. ಡಿಸಿ ಅಳತೆಗೆ ಸಾಕು.

ಲಿಂಗಸುಗೂರು ರೇಡಿಯೊ

ನಾನು ಸ್ವಲ್ಪ ಬೇರೆ ತೊಂದರೆ ಕೇಳಬಹುದಾ? ನಮ್ಮ ಕಾರಿನಲ್ಲಿ ಹಾಡು ಸರಿ ಬರುತ್ತದೆ, ರೇಡಿಯೊ ಮಾತ್ರ ಚರಚರ ಅನ್ನುತ್ತದೆ. ಮೊದಲು ಧಾರವಾಡ ಆಕಾಶವಾಣಿ ಮೀಡಿಯಂ ವೇವ್‌ನಲ್ಲಿ, 765 ಕಿಲೋಹರ್ಟ್ಸ್, ಕೆಲಸಕ್ಕೆ ಹೋಗುವಾಗ ಹಾಕುತ್ತಿದ್ದೆ. ಈಗ ಏನೂ ಕೇಳಲ್ಲ. ಹೊಸಪೇಟೆ ಎಫ್‌ಎಂ ಕೂಡ ಮೊದಲಿನಷ್ಟು ದೂರ ಹಿಡಿಯಲ್ಲ. ಈ ನಡುವೆ ಡ್ಯಾಶ್‌ಕ್ಯಾಮ್ ಹಾಕಿಸಿದ್ದೇವೆ, ಹೆಡ್‌ಲೈಟ್‌ಗೆ ಎಲ್‌ಇಡಿ ಬಲ್ಬ್ ಹಾಕಿಸಿದ್ದೇವೆ. ಇದೂ ಗ್ರೌಂಡಿನದ್ದೇ ತೊಂದರೆಯಾ?

ತೋರಣಗಲ್ಲು ಶಿಫ್ಟ್

ಅಕ್ಕ, ನಿಮ್ಮದು ಬಹುಶಃ ಬೇರೆ ಜಾತಿಯ ಸದ್ದು. ಇದು ವೈರಿನಲ್ಲಿ ಹರಿದು ಬರುತ್ತಿಲ್ಲ, ಗಾಳಿಯಲ್ಲಿ ಬಂದು ಆಂಟೆನಾ ಸೇರುತ್ತಿದೆ. ಡ್ಯಾಶ್‌ಕ್ಯಾಮ್ ಅಡಾಪ್ಟರ್ ಮತ್ತು ಎಲ್‌ಇಡಿ ಡ್ರೈವರ್ ಒಳಗೆ ಕರೆಂಟನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್ ಆಫ್ ಮಾಡುವ ಸರ್ಕ್ಯೂಟ್ ಇರುತ್ತದೆ. ಮೀಡಿಯಂ ವೇವ್ ಇರುವುದು 531ರಿಂದ 1,602 ಕಿಲೋಹರ್ಟ್ಸ್ ನಡುವೆ, ಆ ಸರ್ಕ್ಯೂಟಿನ ಗದ್ದಲ ನೇರ ಅಲ್ಲೇ ಬೀಳುತ್ತದೆ. ಅಗ್ಗದ ಸಾಮಾನಿನಲ್ಲಿ ಅದನ್ನು ತಡೆಯುವ ಫಿಲ್ಟರ್ ಹಾಕಿರಲ್ಲ.

ಗಾಡಿ ಊರ ಹೊರಗೆ, ಕರೆಂಟ್ ಲೈನಿನಿಂದ ದೂರ ನಿಲ್ಲಿಸಿ. ರೇಡಿಯೊ ಹಚ್ಚಿ, ಹೆಡ್‌ಲೈಟ್ ಹಾಕಿ ತೆಗೆದು ಕೇಳಿ. ಆಮೇಲೆ ಡ್ಯಾಶ್‌ಕ್ಯಾಮ್ ಪ್ಲಗ್ ಕಿತ್ತು ಕೇಳಿ. ಯಾವುದಕ್ಕೆ ನಿಲ್ಲುತ್ತದೋ ಅದೇ. ಡ್ಯಾಶ್‌ಕ್ಯಾಮ್ ಆದರೆ ಅದರ ವೈರನ್ನು ಆಂಟೆನಾ ವೈರ್ ಇರುವ, ಮುಂದಿನ ಗಾಜಿನ ಪಕ್ಕದ ಕಂಬದ ಕಡೆಯಿಂದ ತೆಗೆದು ಇನ್ನೊಂದು ಕಡೆ ಎಳೆಸಿ, ವೈರಿನ ಎರಡೂ ತುದಿಗೆ ಕ್ಲಿಪ್ ತರಹದ ಫೆರೈಟ್ ಉಂಗುರ ಹಾಕಿ. ಕಮ್ಮಿ ಆಗದಿದ್ದರೆ ಅಡಾಪ್ಟರ್ ಬದಲಿಸಿ. ಎಲ್‌ಇಡಿ ಬಲ್ಬ್ ಆದರೆ ಕಂಪನಿ ಕೊಟ್ಟಿದ್ದ ಹ್ಯಾಲೊಜೆನ್ನಿಗೇ ವಾಪಸ್ ಹೋಗುವುದು ಒಳ್ಳೆಯದು. ಹ್ಯಾಲೊಜೆನ್‌ಗೆ ಅಂತ ಮಾಡಿದ ರಿಫ್ಲೆಕ್ಟರ್‌ನಲ್ಲಿ ಎಲ್‌ಇಡಿ ಹಾಕಿದರೆ ಎದುರಿನವರ ಕಣ್ಣಿಗೂ ಹೊಡೆಯುತ್ತದೆ.

ಸಿಂಧನೂರು ಭತ್ತ

ಅಳತೆ ಮಾಡಿದೆ. ಬ್ಯಾಟರಿ ಮೇಲೆ 14.2 ವೋಲ್ಟ್. ಪಕ್ಕದ ಮನೆಯವರ ಒಳ್ಳೆಯ ಮೀಟರ್ ತಂದು ಎಸಿ ನೋಡಿದರೆ 0.05 ಮಾತ್ರ. ಆದರೆ ಆಂಪ್ಲಿಫೈಯರ್ ಗ್ರೌಂಡ್ ಮತ್ತು ಬ್ಯಾಟರಿ ಮೈನಸ್ ನಡುವೆ, ಬೇಸ್ ಬಂದಾಗಲೆಲ್ಲ 0.6ವರೆಗೆ ಹೋಗುತ್ತದೆ. ಗ್ರೌಂಡ್ ವೈರು ಹಿಡಿದು ಹೋದೆ. ಹಿಂದಿನ ಸೀಟ್‌ಬೆಲ್ಟ್ ಬೋಲ್ಟಿಗೆ ಕಟ್ಟಿದ್ದಾರೆ. ಕೆಳಗಿನ ಪೇಂಟ್ ಕೂಡ ಕೆರೆದಿಲ್ಲ.

ಬಳ್ಳಾರಿ ಆಟೋ ಎಲೆಕ್ಟ್ರಿಕ್

ಸಿಕ್ಕಿತು ನೋಡು. ಆಲ್ಟರ್ನೇಟರ್ ಚೆನ್ನಾಗಿದೆ, ಅದನ್ನು ಮರೆತುಬಿಡು.

ಸೀಟ್‌ಬೆಲ್ಟ್ ಬೋಲ್ಟಿಗೆ ಯಾವತ್ತೂ ಗ್ರೌಂಡ್ ಕೊಡಬಾರದು. ಆ ಬೋಲ್ಟಿನ ಮರೆಯಲ್ಲಿ (ಥ್ರೆಡ್‌ನಲ್ಲಿ) ಸಡಿಲ ಆಗದಿರಲು ಅಂಟು ಹಾಕಿರುತ್ತಾರೆ, ಕರೆಂಟ್ ಸರಿಯಾಗಿ ದಾಟಲ್ಲ. ಅದಕ್ಕಿಂತ ದೊಡ್ಡ ಮಾತು, ಅದು ಜೀವ ಉಳಿಸುವ ಬೋಲ್ಟ್. ನಡುವೆ ವಾಷರ್, ಲಗ್ (ವೈರಿನ ತುದಿಯ ಲೋಹದ ಉಂಗುರ) ಸೇರಿಸಿ ಅದರ ಬಿಗಿ ಕೆಡಿಸಬಾರದು. ಮೊದಲು ಆ ಲಗ್ ತೆಗೆಸಿ, ಬೋಲ್ಟನ್ನು ಸರ್ವೀಸ್ ಸೆಂಟರಿನಲ್ಲಿ ಸರಿಯಾದ ಟಾರ್ಕಿಗೆ ಬಿಗಿ ಮಾಡಿಸು.

ಈಗ ಹೊಸ ಗ್ರೌಂಡ್. ಆಂಪ್ಲಿಫೈಯರ್‌ನಿಂದ ಒಂದೂವರೆ ಅಡಿ ಒಳಗೆ, ಬಾಡಿಯ ದಪ್ಪ ತಗಡು ಇರುವ ಜಾಗ ನೋಡು. ಡ್ರಿಲ್ ಮಾಡುವುದಾದರೆ ಗಾಡಿಯ ಕೆಳಗೆ ಮಲಗಿ ಆ ಕಡೆ ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪು, ವೈರು ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಡ್ರಿಲ್ ಹಿಡಿ. ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲ ಪೇಂಟ್ ಕೆರೆದು ತಗಡು ಹೊಳೆಯುವಂತೆ ಮಾಡು. ಕ್ರಿಂಪ್ ಮಾಡಿದ ತಾಮ್ರದ ಲಗ್, ಹಲ್ಲಿನ ವಾಷರ್, ಬೋಲ್ಟ್, ಲಾಕ್ ನಟ್. ಬಿಗಿ ಮಾಡಿದ ಮೇಲೆ ಹೊರಗಿನಿಂದ ಪೇಂಟ್ ಅಥವಾ ಗ್ರೀಸ್ ಹಚ್ಚು. ನಮ್ಮ ಕಡೆ ಇದು ಬಹಳ ಮುಖ್ಯ. ಸಂಡೂರು ಕಡೆ ಓಡುವ ಗಾಡಿಗಳಲ್ಲಿ ಅದಿರಿನ ಕೆಂಪು ಧೂಳು ಬೋಲ್ಟಿನ ಸುತ್ತ ಕೂತಿರುತ್ತದೆ. ಮೊದಲ ಮಳೆ ಬಿದ್ದಾಗ ಆ ಧೂಳು ತೇವ ಹಿಡಿದಿಟ್ಟುಕೊಳ್ಳುತ್ತದೆ. ಕೆರೆದ ತಗಡು ಅಲ್ಲೇ ತುಕ್ಕು ಹಿಡಿಯುತ್ತದೆ.

ಗ್ರೌಂಡ್ ವೈರು ಪ್ಲಸ್ ವೈರಿನಷ್ಟೇ ದಪ್ಪ ಇರಬೇಕು. ನಿನಗೆ ಯಾವ ವೈರು ಹಾಕಿದ್ದಾರೆ? ತುದಿ ಕೆರೆದು ನೋಡು. ಒಳಗೆ ಬೆಳ್ಳಗೆ ಇದ್ದರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ.

ಸಿಂಧನೂರು ಭತ್ತ

ಬೆಳ್ಳಗೇ ಇದೆ ಸರ್. ಪೂರ್ತಿ ತಾಮ್ರ ಅಂತ ಹೇಳಿದ್ದರು.

ತೋರಣಗಲ್ಲು ಶಿಫ್ಟ್

ಅಲ್ಯೂಮಿನಿಯಂನಲ್ಲಿ ಕರೆಂಟ್ ಹರಿಯುವ ಗುಣ ತಾಮ್ರದ ಸುಮಾರು 60 ಪಾಲು ಮಾತ್ರ, ನೂರಕ್ಕೆ. ಅದೇ ದಪ್ಪದಲ್ಲಿ ಸಾಲದು, ಒಂದೆರಡು ಸೈಜ್ ದಪ್ಪ ಬೇಕು. ನಮ್ಮ ಬಿಸಿಲಿನಲ್ಲಿ ಇನ್ನೊಂದು ತೊಂದರೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಗಾಡಿಯ ಒಳಗೆ ಇನ್ನೂ ಬಹಳ ಜಾಸ್ತಿ. ಅಲ್ಯೂಮಿನಿಯಂ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗಿ ಟರ್ಮಿನಲ್ ಸಡಿಲ ಆಗುತ್ತದೆ. ಬೇಸಿಗೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಎಲ್ಲ ಸ್ಕ್ರೂ ಬಿಗಿ ಮಾಡಿ. ಕನಿಷ್ಠ ಗ್ರೌಂಡ್ ತುಂಡಾದರೂ ತಾಮ್ರದ್ದು ಹಾಕಿ. ಎರಡು ಅಡಿ ವೈರು, ದೊಡ್ಡ ಖರ್ಚಲ್ಲ. 21 ಚದರ ಮಿಲಿಮೀಟರ್ ತಾಮ್ರ ನಿಮ್ಮ ಆಂಪ್ಲಿಫೈಯರ್‌ಗೆ ಸಾಕು.

ಬ್ಯಾಟರಿಯ ಪ್ಲಸ್ ಹತ್ತಿರ, ಒಂದೂವರೆ ಅಡಿ ಒಳಗೆ, ಫ್ಯೂಸ್ ಇದೆಯಾ ನೋಡಿ. ಸದ್ದಿಗೂ ಅದಕ್ಕೂ ಸಂಬಂಧ ಇಲ್ಲ, ಆದರೆ ಅದಿಲ್ಲದೆ ಗಾಡಿ ಓಡಿಸಬೇಡಿ. ಆ ದಪ್ಪ ವೈರು ಎಲ್ಲಾದರೂ ಬಾಡಿಗೆ ಉಜ್ಜಿ ತಾಕಿದರೆ ಬೆಂಕಿ.

ಕಂಪ್ಲಿ ಬೇಸ್

ಆಂಪ್ಲಿಫೈಯರ್ ಮೈನಸನ್ನು ನೇರ ಬ್ಯಾಟರಿಗೇ ಎಳೆದರೆ ಇನ್ನೂ ಒಳ್ಳೆಯದಲ್ವಾ?

ಬಳ್ಳಾರಿ ಆಟೋ ಎಲೆಕ್ಟ್ರಿಕ್

ಹೊಸ ಗಾಡಿಗಳಲ್ಲಿ ಬೇಡ. ಬಹಳ ಗಾಡಿಗಳಲ್ಲಿ ಮೈನಸ್ ಟರ್ಮಿನಲ್ ಮೇಲೆ ಸಣ್ಣ ಸೆನ್ಸರ್ ಇರುತ್ತದೆ, ಬ್ಯಾಟರಿಗೆ ಎಷ್ಟು ಕರೆಂಟ್ ಹೋಯಿತು ಬಂತು ಅಂತ ಅದು ಲೆಕ್ಕ ಇಡುತ್ತದೆ. ಅದನ್ನು ತಪ್ಪಿಸಿ ನೇರ ಬ್ಯಾಟರಿಯ ಟರ್ಮಿನಲ್‌ಗೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ, ಚಾರ್ಜಿಂಗ್ ಕೆಡುತ್ತದೆ. ಗಾಡಿಯ ತಗಡಿಗೇ ಗ್ರೌಂಡ್ ಕೊಡಿ. ಬ್ಯಾಟರಿಯಿಂದ ಬಾಡಿಗೆ, ಎಂಜಿನ್ನಿನಿಂದ ಬಾಡಿಗೆ ಬರುವ ಪಟ್ಟಿಗಳು ಚೆನ್ನಾಗಿವೆಯಾ ಅಂತ ಮಾತ್ರ ನೋಡಿ. ಹಳೆಯ ಗಾಡಿಯಲ್ಲಿ ಅವುಗಳ ತುದಿಗೆ ತುಕ್ಕು ಹಿಡಿದಿರುತ್ತದೆ.

ಸಿಂಧನೂರು ಭತ್ತ

ಹೊಸ ಗ್ರೌಂಡ್ ಹಾಕಿದೆವು. ಊರಿನ ಎಲೆಕ್ಟ್ರಿಷಿಯನ್ ಒಬ್ಬರು ನೀವು ಬರೆದಂತೆಯೇ ಕೆರೆದು, ಹಲ್ಲಿನ ವಾಷರ್ ಹಾಕಿ, ತಾಮ್ರದ ವೈರಿನಲ್ಲಿ ಮಾಡಿಕೊಟ್ಟರು. ಸೀಟ್‌ಬೆಲ್ಟ್ ಬೋಲ್ಟ್ ಸರಿಯಾಗಿ ಬಿಗಿ ಮಾಡಿಸಿದೆ. ಈಗ 0.6 ಇದ್ದದ್ದು 0.04ಕ್ಕೆ ಇಳಿದಿದೆ. ಸದ್ದು ಮುಕ್ಕಾಲು ಪಾಲು ಹೋಯಿತು. ಆದರೆ ರಾತ್ರಿ ಕಿಟಕಿ ಏರಿಸಿ ಕೂತರೆ ಇನ್ನೂ ತೆಳ್ಳಗೆ ಕೇಳುತ್ತದೆ. ಆರ್‌ಸಿಎ ವೈರು ಪ್ಲಸ್ ವೈರಿನ ಪಕ್ಕದಲ್ಲೇ ಬಂದಿದೆ, ಅದೇ ಕಾರಣವಾ?

ಬಳ್ಳಾರಿ ಆಟೋ ಎಲೆಕ್ಟ್ರಿಕ್

ಇರಬಹುದು. ಎರಡನ್ನೂ ಒಂದೇ ಕಟ್ಟಿನಲ್ಲಿ ಎಳೆಯಬಾರದು. ಪ್ಲಸ್ ಎಡಗಡೆ ಬಂದರೆ ಆರ್‌ಸಿಎ ಬಲಗಡೆ ಬರಲಿ, ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಲಿ. ಆದರೆ ಕಾರ್ಪೆಟ್ ಕೀಳುವ ಮುಂಚೆ ಸುಲಭದ ಪರೀಕ್ಷೆ ಇದೆ. ಬೇರೊಂದು ಆರ್‌ಸಿಎ ವೈರನ್ನು ಸೀಟುಗಳ ಮೇಲಿಂದಲೇ ಎಳೆದು ಎರಡೂ ಕಡೆ ಸಿಕ್ಕಿಸಿ ಕೇಳು. ಸದ್ದು ಹೋದರೆ ದಾರಿಯದ್ದೇ ತಪ್ಪು. ಹೋಗದಿದ್ದರೆ ವೈರು ಮುಟ್ಟಬೇಡ.

ಎರಡನೆಯದು, ಮೊದಲೇ ಹೇಳಿದ್ದೆನಲ್ಲ, ಸ್ಟೀರಿಯೊ ಒಳಗಿನ ಗ್ರೌಂಡ್. ಕೆಲವು ಸ್ಟೀರಿಯೊಗಳಲ್ಲಿ ಆರ್‌ಸಿಎಯ ಹೊರ ಉಂಗುರಕ್ಕೆ ಹೋಗುವ ದಾರಿಯಲ್ಲಿ ಸಾಸಿವೆಯಷ್ಟು ಚಿಕ್ಕ ಫ್ಯೂಸ್ ಇರುತ್ತದೆ. ಆಂಪ್ಲಿಫೈಯರ್ ಗ್ರೌಂಡ್ ಸರಿ ಇಲ್ಲದಾಗ ಅದರ ಕರೆಂಟ್ ಆರ್‌ಸಿಎ ಜಾಲರಿಯಿಂದ ವಾಪಸ್ ಬರಲು ನೋಡುತ್ತದೆ, ಆಗ ಆ ಫ್ಯೂಸ್ ಸುಟ್ಟುಹೋಗುತ್ತದೆ. ನಿನ್ನ ಗಾಡಿಯಲ್ಲಿ ಗ್ರೌಂಡ್ ಹಾಗೇ ಇತ್ತಲ್ಲ, ಅದಕ್ಕೇ ಅನುಮಾನ. ಎಲ್ಲ ಆಫ್ ಮಾಡಿ ಸ್ಟೀರಿಯೊ ಹೊರಗೆ ಎಳೆ, ಆರ್‌ಸಿಎ ಕೀಳು. ಆರ್‌ಸಿಎ ಸಾಕೆಟ್ಟಿನ ಹೊರ ಉಂಗುರ ಮತ್ತು ಸ್ಟೀರಿಯೊದ ತಗಡಿನ ಮೈ ನಡುವೆ ಓಮ್ ಅಳೆ. ಸೊನ್ನೆ ಹತ್ತಿರ ಬರಬೇಕು. ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಕಂಡರೆ ಅದರ ತಂಟೆಗೆ ಹೋಗಬೇಡ.

ಕೊಪ್ಪಳದ ಮೇಷ್ಟ್ರು

ಇಲ್ಲಿ ಓಮ್ ಅಳತೆ ನಡೆಯುತ್ತದೆ, ಯಾಕೆಂದರೆ ನಾವು ಹುಡುಕುತ್ತಿರುವುದು ಪೂರ್ತಿ ಕಡಿದ ದಾರಿ. ಮಿಲಿಓಮ್ ಲೆಕ್ಕ ಅಲ್ಲ.

ಸಿಂಧನೂರು ಭತ್ತ

ನೀವು ಹೇಳಿದ್ದೇ ಸರಿ ಸರ್. ಸೀಟಿನ ಮೇಲಿಂದ ಬೇರೆ ವೈರು ಎಳೆದರೂ ಸದ್ದು ಹಾಗೇ ಇತ್ತು. ಸ್ಟೀರಿಯೊದಲ್ಲಿ ಉಂಗುರಕ್ಕೂ ಮೈಗೂ ಸಂಪರ್ಕವೇ ಇಲ್ಲ, ಮೀಟರ್ ಏನೂ ತೋರಿಸಲ್ಲ. ಪರೀಕ್ಷೆಗೆ ಅಂತ ಒಂದು ತೆಳು ವೈರಿನಿಂದ ಎರಡನ್ನೂ ಸೇರಿಸಿ, ಆರ್‌ಸಿಎ ಸಿಕ್ಕಿಸಿ, ಎಂಜಿನ್ ಸ್ಟಾರ್ಟ್ ಮಾಡಿದೆ. ಸದ್ದು ಪೂರ್ತಿ ನಿಂತಿತು. ಎಂಜಿನ್ ರೇಸ್ ಮಾಡಿದರೂ ಇಲ್ಲ.

ಆ ವೈರು ಹಾಗೇ ಬಿಡಬಹುದಾ, ಅಥವಾ ಒಳಗಿನ ಫ್ಯೂಸ್ ಹಾಕಿಸಬೇಕಾ?

ಬಳ್ಳಾರಿ ಆಟೋ ಎಲೆಕ್ಟ್ರಿಕ್

ವಾರಂಟಿ ಇದ್ದರೆ ಬಿಚ್ಚದೆ ಕಂಪನಿಗೆ ಕೊಡು. ಇಲ್ಲದಿದ್ದರೆ ಟಿವಿ, ಮೊಬೈಲ್ ಬೋರ್ಡ್ ರಿಪೇರಿ ಮಾಡುವವರ ಹತ್ತಿರ ಒಳಗಿನದನ್ನೇ ಹಾಕಿಸು, ಸಣ್ಣ ಕೆಲಸ. ಹೊರಗೆ ಸುತ್ತಿದ ವೈರು ಕುಲುಕಾಟಕ್ಕೆ ಸಡಿಲ ಆಗಿ ಮತ್ತೆ ಕಾಡುತ್ತದೆ. ಆ ಫ್ಯೂಸ್ ಇರುವುದು ಬೋರ್ಡ್ ಉಳಿಸೋಕೆ.

ಎಲ್ಲ ಮುಗಿದ ಮೇಲೆ ಗೇನ್ ಕೂಡ ಸರಿ ಮಾಡಿಕೋ. ಅಂಗಡಿಗಳಲ್ಲಿ ಜೋರಾಗಿ ಕೇಳಲಿ ಅಂತ ಗೇನ್ ಪೂರ್ತಿ ತಿರುಗಿಸಿರುತ್ತಾರೆ. ಅದು ಸೌಂಡ್ ಜಾಸ್ತಿ ಮಾಡುವ ಗುಂಡಿ ಅಲ್ಲ, ಸ್ಟೀರಿಯೊದಿಂದ ಬರುವ ಸಿಗ್ನಲ್ಲಿಗೆ ಆಂಪ್ಲಿಫೈಯರನ್ನು ಹೊಂದಿಸುವ ಗುಂಡಿ. ಗೇನ್ ಪೂರ್ತಿ ಇಳಿಸು. ಸ್ಟೀರಿಯೊ ಸೌಂಡನ್ನು ಮುಕ್ಕಾಲಿಗೆ ಇಡು, ಬೇಸ್ ಬೂಸ್ಟ್ ತೆಗೆದುಬಿಡು. ಪರಿಚಯದ ಹಾಡು ಹಾಕಿ ಗೇನ್ ನಿಧಾನ ಏರಿಸು. ದನಿ ಒಡೆಯಲು ಶುರುವಾದ ಜಾಗದಿಂದ ಸ್ವಲ್ಪ ಹಿಂದೆ ತಂದು ನಿಲ್ಲಿಸು. ಅಪ್ಪ ಮೆಲ್ಲಗೆ ವಚನ ಕೇಳುವಾಗ 'ಸುಯ್' ಅನ್ನುವುದೂ ಇರಲ್ಲ.

ಕಂಪ್ಲಿ ಬೇಸ್

ಐಸೋಲೇಟರ್ ಕಿತ್ತು ಕೇಳಿದೆ ಸರ್. ಬೇಸ್ ನಿಜವಾಗಲೂ ಬೇರೆಯೇ ಇದೆ. ಸದ್ದು ವಾಪಸ್ ಬಂತು, ಆದರೆ ಈಗ ಎಲ್ಲಿ ಹುಡುಕಬೇಕು ಅಂತ ಗೊತ್ತಾಯಿತು. ಭಾನುವಾರ ಗ್ರೌಂಡ್ ಅಳೆಯುತ್ತೇನೆ.

ಲಿಂಗಸುಗೂರು ರೇಡಿಯೊ

ನಮ್ಮದು ಡ್ಯಾಶ್‌ಕ್ಯಾಮ್ ಅಡಾಪ್ಟರ್. ಪ್ಲಗ್ ಕಿತ್ತ ಕೂಡಲೇ ಧಾರವಾಡ ಸ್ಪಷ್ಟವಾಗಿ ಬಂತು. ಬಹಳ ಧನ್ಯವಾದ ಅಣ್ಣ. ಉಂಗುರ ತರಿಸಿ ಹಾಕುತ್ತೇನೆ, ಹಾಗೂ ಆಗದಿದ್ದರೆ ಅಡಾಪ್ಟರ್ ಬದಲಿಸುತ್ತೇವೆ.

ಗಂಗಾವತಿ ಟ್ಯಾಕ್ಸಿ

ಭತ್ತದ ಗೋದಾಮು, ರೈಸ್ ಮಿಲ್ ಹತ್ತಿರ ಗಾಡಿ ನಿಲ್ಲಿಸುವವರು ಇನ್ನೊಂದು ನೋಡಿಕೊಳ್ಳಿ. ನಮ್ಮ ಸ್ಟ್ಯಾಂಡಿನ ಒಂದು ಗಾಡಿಯಲ್ಲಿ ಇಲಿ ಆರ್‌ಸಿಎ ವೈರಿನ ಹೊರ ಜಾಲರಿ ಕಡಿದು ಹಾಕಿತ್ತು. ಹೊರಗಿನಿಂದ ವೈರು ಚೆನ್ನಾಗೇ ಕಾಣುತ್ತಿತ್ತು, ಕಾರ್ಪೆಟ್ ಎತ್ತಿದಾಗಲೇ ಗೊತ್ತಾಗಿದ್ದು.

ಸರ್, ಅದೇ ಸ್ಟ್ಯಾಂಡಿನ ಪೆಟ್ರೋಲ್ ಗಾಡಿಯೊಂದರಲ್ಲಿ 'ಕುಂಯ್' ಇಲ್ಲ, 'ಟಿಕ್ ಟಿಕ್' ಇದೆ. ರೇಡಿಯೊದಲ್ಲಿ ಮಾತ್ರ. ಎಂಜಿನ್ ಜೊತೆ ಜೋರಾಗುತ್ತದೆ. ಈಚೆಗೆ ಸ್ಪಾರ್ಕ್ ಪ್ಲಗ್ ಬದಲಿಸಿದ ಮೇಲೆ ಶುರುವಾಗಿದೆ.

ಬಳ್ಳಾರಿ ಆಟೋ ಎಲೆಕ್ಟ್ರಿಕ್

ಹಾಗಾದರೆ ಪ್ಲಗ್ಗನ್ನೇ ಮೊದಲು ನೋಡಿ. ರೇಡಿಯೊಗೆ ತೊಂದರೆ ಆಗದಿರಲು ಪ್ಲಗ್ ಒಳಗೆ ಸುಮಾರು 5,000 ಓಮ್ ರೆಸಿಸ್ಟರ್ ಇರುತ್ತದೆ. ಹಲವು ಕಂಪನಿಗಳ ಪ್ಲಗ್ ನಂಬರಿನಲ್ಲಿ 'ಆರ್' ಅಕ್ಷರ ಇದ್ದರೆ ರೆಸಿಸ್ಟರ್ ಇದೆ ಅಂತ. ಅದಿಲ್ಲದ ಪ್ಲಗ್ ಹಾಕಿದ್ದರೆ ಕಿಡಿ ಹಾರಿದಾಗಲೆಲ್ಲ ರೇಡಿಯೊದಲ್ಲಿ ಟಿಕ್ ಅನ್ನುತ್ತದೆ. ಪ್ಲಗ್ ಸರಿ ಇದ್ದರೆ ಪ್ಲಗ್ಗಿನ ಕೇಬಲ್ ಅಥವಾ ಕಾಯಿಲ್ ಬಿರುಕು ಬಿಟ್ಟಿದೆಯಾ ನೋಡಬೇಕು. ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದು ಎಂಜಿನ್ ಓಡಿಸಿ, ಕೈ ದೂರ ಇಟ್ಟು ನೋಡಿ. ಬಿರುಕು ಇದ್ದ ಕಡೆ ನೀಲಿ ಕಿಡಿ ಕಾಣುತ್ತದೆ. ಪ್ಲಗ್ ಮೇಲಿನ ನಂಬರ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.